ಬೆಟ್ಟ ಇಳಿದ ಮೂರನೇ ದಿನ: ಸ್ಪೋರ್ಟ್ಸ್ ಮಸಾಜ್ ಮಾಡುವುದೇನು, ಮಾಡದ್ದೇನು

ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವಾಗ ಎಲ್ಲರದೂ ಏದುಸಿರು. ಇಳಿಯುವಾಗ ಹರಟೆ. ಭಾನುವಾರ ಬೆಳಗ್ಗೆ ಆರಕ್ಕೆ ಪಾದದಿಂದ ಹೊರಟು, ನಂದಿಯ ಹತ್ತಿರ ನಿಂತು ಗುಟುಕು ನೀರು ಕುಡಿದು, ಮೇಲೆ ಹೋಗಿ ಕೈಮುಗಿದು, ಅದೇ ಸಾವಿರ ಚಿಲ್ಲರೆ ಮೆಟ್ಟಿಲು ಇಳಿದು ಬಂದವರಿಗೆ ಆವತ್ತು ಏನೂ ಆಗುವುದಿಲ್ಲ. ದೋಸೆ ತಿಂದು ಮನೆಗೆ ಹೋಗುತ್ತಾರೆ. ಸೋಮವಾರ ತೊಡೆ ಸ್ವಲ್ಪ ಬಿಗಿ ಅನಿಸುತ್ತದೆ. ಮಂಗಳವಾರ ಬೆಳಗ್ಗೆ ಮಾತ್ರ ಇಂಡಿಯನ್ ಟಾಯ್ಲೆಟ್ಟಿನಲ್ಲಿ ಕೂರುವುದೇ ಒಂದು ಸಾಹಸ, ಕೂತ ಮೇಲೆ ಏಳುವುದು ಇನ್ನೊಂದು.

ಆಫೀಸಿನಲ್ಲಿ ಗೋಡೆ ಹಿಡಿದು ನಡೆಯುವುದನ್ನು ನೋಡಿದ ಗೆಳೆಯರು ಯಾರಾದರೂ ಹೇಳಿಯೇ ಹೇಳುತ್ತಾರೆ: "ಲ್ಯಾಕ್ಟಿಕ್ ಆಸಿಡ್ ಕೂತಿದೆ ಸಾರ್. ಒಂದು ಒಳ್ಳೆ ಮಸಾಜ್ ಮಾಡಿಸಿ, ಎಲ್ಲಾ ಹರಿದು ಹೋಗುತ್ತೆ."

ಈ ಮಾತಿನಲ್ಲಿ ನೋವಿಗೆ ಕೊಟ್ಟ ಕಾರಣ, ಅಂದರೆ ಸ್ನಾಯು ಜೋರಾಗಿ ದುಡಿದಾಗ ಹುಟ್ಟುವ ಆ ಆಮ್ಲ ಅಲ್ಲೇ ಉಳಿದಿದೆ ಎಂಬುದು, ತಪ್ಪು. ಮಸಾಜ್ ಹೇಗೆ ಕೆಲಸ ಮಾಡುತ್ತದೆ ಎಂದು ಹೇಳಿದ್ದೂ ತಪ್ಪು. ಆದರೆ ಸಲಹೆ ಮಾತ್ರ ಅಷ್ಟೇನೂ ತಪ್ಪಲ್ಲ. ಓಡುವವರು, ಸೈಕಲ್ ತುಳಿಯುವವರು, ಜಿಮ್ಮಿಗೆ ಹೋಗುವವರು, ಶನಿವಾರ ಸಂಜೆ ಶಟಲ್ ಆಡುವವರು ಈಗ ದುಡ್ಡು ಕೊಟ್ಟು ಮಾಡಿಸಿಕೊಳ್ಳುವ ಸ್ಪೋರ್ಟ್ಸ್ ಮಸಾಜಿನ ಕತೆಯೆಲ್ಲ ಹೀಗೇ ಇದೆ. ಲಾಭ ಉಂಟು, ಆದರೆ ಜಾಹೀರಾತು ಹೇಳುವ ಲಾಭ ಅದಲ್ಲ.

ಮೊದಲು ಆ ನೋವಿನ ವಿಚಾರ. ಮೆಟ್ಟಿಲು ಹತ್ತುವಾಗ ತೊಡೆಯ ಮುಂಭಾಗದ ಸ್ನಾಯು ಕುಗ್ಗುತ್ತಾ ಮೈಯನ್ನು ಮೇಲೆತ್ತುತ್ತದೆ. ಇಳಿಯುವಾಗ ಅದೇ ಸ್ನಾಯು ಬಿಗಿ ಹಿಡಿದುಕೊಂಡೇ ಉದ್ದವಾಗುತ್ತಾ ಹೋಗಬೇಕು, ಇಲ್ಲದಿದ್ದರೆ ಮೊಣಕಾಲು ಮಡಿಸಿ ನಾವು ಉರುಳಿಬಿಡುತ್ತೇವೆ. ತುಂಬಿದ ಕೊಡವನ್ನು ಹಗ್ಗ ಕಟ್ಟಿ ಬಾವಿಯೊಳಕ್ಕೆ ಇಳಿಬಿಟ್ಟು ನೋಡಿ, ಗೊತ್ತಾಗುತ್ತದೆ. ಸೇದುವಾಗ ಸುಸ್ತು ಜಾಸ್ತಿ, ಆದರೆ ಹಗ್ಗ ಜಾರದಂತೆ ಹಿಡಿದು ಸ್ವಲ್ಪ ಸ್ವಲ್ಪವೇ ಬಿಡುವಾಗ ಅಂಗೈ ತರಚುತ್ತದೆ. ಸ್ನಾಯುವಿನ ಪ್ರತಿ ಎಳೆಯೊಳಗೂ ಕುಗ್ಗಿ ಹಿಗ್ಗುವ ಸಣ್ಣ ಸಣ್ಣ ಕೊಂಡಿಗಳು ಸರಪಳಿಯಂತೆ ಸಾಲಾಗಿರುತ್ತವೆ. ಭಾರ ಹೊತ್ತು ಉದ್ದವಾಗುವಾಗ ಅದರಲ್ಲಿ ಬಲ ಕಡಿಮೆ ಇರುವ ಕೊಂಡಿಗಳು ಅಳತೆ ಮೀರಿ ಎಳೆದುಕೊಂಡು ಕೆಡುತ್ತವೆ. ಕೆಟ್ಟ ಜಾಗಕ್ಕೆ ರಿಪೇರಿಯ ಜೀವಕೋಶಗಳು ಬರುತ್ತವೆ, ಸಣ್ಣಗೆ ಉರಿಯೂತವಾಗುತ್ತದೆ, ಅಲ್ಲಿನ ನರದ ತುದಿಗಳು ಮುಟ್ಟಿದರೆ ಮುನಿ ಆಗುತ್ತವೆ. ಇಷ್ಟೆಲ್ಲ ಆಗಲು ಹೊತ್ತು ಬೇಕು. ಅದಕ್ಕೇ ನೋವು ಒಂದರಿಂದ ಮೂರು ದಿನದೊಳಗೆ ತುತ್ತತುದಿ ಮುಟ್ಟುತ್ತದೆ. ತಡವಾಗಿ ಬರುವ ಈ ನೋವು ಸ್ನಾಯುವಿನೊಳಗಿನ ಎಳೆಗಳು ಸೂಕ್ಷ್ಮವಾಗಿ ಹರಿದದ್ದರಿಂದ ಬಂದದ್ದಿರಬೇಕು ಎಂದು ಅಮೆರಿಕದ ಶರೀರಶಾಸ್ತ್ರಜ್ಞ ಥಿಯೋಡರ್ ಹಾಫ್ 1902ರಷ್ಟು ಹಿಂದೆಯೇ ಬರೆದಿದ್ದರು. ನೂರಿಪ್ಪತ್ತು ವರ್ಷವಾದರೂ ಆ ಸುದ್ದಿ ಜಿಮ್ಮಿನ ಬಾಗಿಲು ದಾಟಿ ಒಳಗೆ ಹೋಗಿಲ್ಲ.

ಲ್ಯಾಕ್ಟಿಕ್ ಆಸಿಡ್, ಸರಿಯಾಗಿ ಹೇಳಬೇಕೆಂದರೆ ಲ್ಯಾಕ್ಟೇಟ್, ಕೂತು ಬಾಡಿಗೆ ಕೊಡದೆ ಉಳಿದುಕೊಳ್ಳುವ ಪದಾರ್ಥವಲ್ಲ. ನಾಲ್ಕುನೂರು ಮೀಟರ್ ಜೀವ ಬಿಟ್ಟು ಓಡಿದರೆ ರಕ್ತದಲ್ಲಿ ಅದು ಏರುವುದು ನಿಜ. ಓಡಿದವರು ಸುಮ್ಮನೆ ಕೂತಿದ್ದರೂ ಸುಮಾರು ಒಂದು ಗಂಟೆಯೊಳಗೆ ಇಳಿದು ಮಾಮೂಲಿಗೆ ಬರುತ್ತದೆ. ಹೃದಯ ಅದನ್ನೇ ಇಂಧನವಾಗಿ ಉರಿಸುತ್ತದೆ, ಯಕೃತ್ತು ಅದನ್ನು ಮತ್ತೆ ಸಕ್ಕರೆಯಾಗಿಸುತ್ತದೆ. ಭಾನುವಾರ ಹತ್ತು ಗಂಟೆಗೆ ಖಾಲಿಯಾದದ್ದು ಮಂಗಳವಾರ ಬೆಳಗ್ಗೆ ಕಾಡುವುದು ಹೇಗೆ? ಅಲ್ಲದೆ ಹರಟೆ ಹೊಡೆಯುತ್ತಾ ಮೆಟ್ಟಿಲು ಇಳಿಯುವಾಗ ಲ್ಯಾಕ್ಟೇಟ್ ಏರುವುದೇ ಅಪರೂಪ. ನೋವು ಮಾತ್ರ ಇಳಿದದ್ದಕ್ಕೇ ಬರುತ್ತದೆ.

ಹರಿದು ಹೋಗಬೇಕಾದದ್ದೇ ಇಲ್ಲವೆಂದ ಮೇಲೆ ಮಸಾಜ್ ಹರಿಸುವುದೇನನ್ನು? ಇದನ್ನೂ ನೇರವಾಗಿ ಪರೀಕ್ಷೆ ಮಾಡಿದ್ದಾರೆ. ಕೈಯಿಂದ ತಿಕ್ಕಿದಾಗ ಸ್ನಾಯುವಿಗೆ ಹೋಗುವ ರಕ್ತದ ಹರಿವು ಏರುತ್ತದೆಯೇ ಎಂದು ಕೆನಡಾದಲ್ಲಿ 1997ರ ಹೊತ್ತಿಗೆ ಡಾಪ್ಲರ್ ಅಲ್ಟ್ರಾಸೌಂಡ್ ಹಿಡಿದು ನೋಡಿದರು. ಏರಲಿಲ್ಲ. ಅದೇ ಸ್ನಾಯುವನ್ನು ಹಗುರವಾಗಿ ಕುಗ್ಗಿಸಿ ಬಿಟ್ಟಾಗ ಏರಿತು. 2010ರಲ್ಲಿ ಕಿಂಗ್‌ಸ್ಟನ್ನಿನ ಕ್ವೀನ್ಸ್ ವಿಶ್ವವಿದ್ಯಾಲಯದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಜನರ ಕೈಲಿ ಮುಷ್ಟಿ ಹಿಂಡಿಸಿ, ಮುಂಗೈ ದಣಿದ ಮೇಲೆ ಮಸಾಜ್ ಮಾಡಿ, ಲ್ಯಾಕ್ಟೇಟ್ ಎಷ್ಟು ಹೊರಬರುತ್ತದೆ ಎಂದು ಅಳೆದರು. ಮಸಾಜ್ ಮಾಡಿದಾಗ ಹೊರಬಂದದ್ದು ಕಡಿಮೆ. ಯಾಕೆಂದರೆ ಒತ್ತುವ ಕೈಯೇ ರಕ್ತದ ದಾರಿಯನ್ನು ಮತ್ತೆ ಮತ್ತೆ ಅಡಕುತ್ತಿತ್ತು. ಹೊಲಕ್ಕೆ ನೀರು ಹಾಯಿಸುವ ಪೈಪನ್ನು ತುಳಿದುಕೊಂಡೇ ನಿಂತ ಹಾಗೆ. ರಕ್ತ ಓಡಾಡಬೇಕು ಎನ್ನುವವರು ಓಟ ಮುಗಿದ ಮೇಲೆ ಹತ್ತು ನಿಮಿಷ ನಡೆದಾಡಿದರೆ ಸಾಕು, ಬಿಟ್ಟಿ ಕೆಲಸ.

ಮಸಾಜ್ ಮುಗಿದ ಮೇಲೆ "ಟಾಕ್ಸಿನ್ ಬಿಡುಗಡೆ ಆಗಿದೆ, ಚೆನ್ನಾಗಿ ನೀರು ಕುಡಿಯಿರಿ" ಎನ್ನುವ ಉಪದೇಶವೂ ಇದೇ ಕುಲದ್ದು. ಯಾವ ಟಾಕ್ಸಿನ್ ಎಂದು ಕೇಳಿ ನೋಡಿ. ಬಾಯಾರಿದ್ದರೆ ನೀರು ಕುಡಿಯಿರಿ.

ಹಾಗಾದರೆ ಇದೆಲ್ಲ ಬೂಸಾ ಎಂದು ಇಲ್ಲಿಗೇ ಮುಗಿಸುವವರೂ ಇದ್ದಾರೆ. ಅದು ಆತುರ. 2012ರಲ್ಲಿ ಕೆನಡಾದ್ದೇ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ ಹನ್ನೊಂದು ಯುವಕರಿಗೆ ಸುಸ್ತಾಗುವ ತನಕ ಸೈಕಲ್ ತುಳಿಸಿದರು. ಆಮೇಲೆ ಒಂದೇ ತೊಡೆಗೆ ಹತ್ತು ನಿಮಿಷ ಮಸಾಜ್, ಇನ್ನೊಂದನ್ನು ಹಾಗೇ ಬಿಟ್ಟರು. ಎರಡೂ ತೊಡೆಗಳಿಂದ ಸೂಜಿ ಹಾಕಿ ಸ್ನಾಯುವಿನ ಚೂರು ತೆಗೆದು ನೋಡಿದರು. (ಆ ಹುಡುಗರಿಗೆ ಒಂದು ನಮಸ್ಕಾರ.) ಲ್ಯಾಕ್ಟೇಟಿನಲ್ಲಿ ವ್ಯತ್ಯಾಸವಿಲ್ಲ. ಖರ್ಚಾದ ಸಕ್ಕರೆಯ ಸಂಗ್ರಹ ಬೇಗ ತುಂಬಿಕೊಂಡಿತೇ ಎಂದರೆ ಅದೂ ಇಲ್ಲ. ಆದರೆ ಮಸಾಜ್ ಆದ ತೊಡೆಯಲ್ಲಿ ಉರಿಯೂತ ಎಬ್ಬಿಸುವ ಸಂಕೇತಗಳು ತಗ್ಗಿದ್ದವು, ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಗಳನ್ನು ಬೆಳೆಸುವ ಸಂಕೇತ ಏರಿತ್ತು. ಅಂದರೆ ಒತ್ತಿದ್ದು ಜೀವಕೋಶಕ್ಕೆ ತಿಳಿದಿದೆ, ಅದು ಉತ್ತರವನ್ನೂ ಕೊಟ್ಟಿದೆ. 2021ರಲ್ಲಿ ಹಾರ್ವರ್ಡಿನವರು ಗಾಯಗೊಂಡ ಇಲಿಯ ಕಾಲನ್ನು ಪುಟ್ಟ ರೋಬೋಟಿನಿಂದ ಲೆಕ್ಕ ಹಾಕಿ ಒತ್ತಿಸಿದಾಗ ಸ್ನಾಯು ಬೇಗ ಕೂಡಿಕೊಂಡಿತು. ರಿಪೇರಿಗೆ ಮೊದಲು ಬಂದ ಬಿಳಿ ರಕ್ತಕಣಗಳು ಹೊತ್ತು ಮೀರಿ ಅಲ್ಲೇ ಠಿಕಾಣಿ ಹೂಡದಂತೆ ಒತ್ತಡವೇ ಅವನ್ನು ಸಾಗಹಾಕಿತ್ತು. ಇಲಿಯ ಕಾಲಿಗೆ ಯಂತ್ರ ಮಾಡಿದ್ದನ್ನು ಮನುಷ್ಯನ ತೊಡೆಗೆ ಕೈ ಮಾಡೀತು ಎಂದು ಹೇಳುವ ಹಾಗಿಲ್ಲ. ಬಾಗಿಲು ಪೂರ್ತಿ ಮುಚ್ಚಿಲ್ಲ ಎಂದಷ್ಟೇ ಹೇಳಬಹುದು.

ನಮ್ಮಂಥವರಿಗೆ ಬೇಕಾದದ್ದು ಜೀವಕೋಶದ ಸುದ್ದಿಯಲ್ಲ, ನಾಳೆ ಓಡಬಹುದೇ ಎನ್ನುವುದು. ಇಂಗ್ಲೆಂಡಿನ ಶೆಫೀಲ್ಡಿನ ಸಂಶೋಧಕರು 2020ರಲ್ಲಿ 29 ಅಧ್ಯಯನಗಳನ್ನು, ಒಟ್ಟು 1,012 ಜನರ ಫಲಿತಾಂಶವನ್ನು ಒಂದೆಡೆ ಹಾಕಿ ತೂಗಿದರು. ಮಸಾಜಿನಿಂದ ಬಲ ಹೆಚ್ಚುತ್ತದೆಯೇ? ಪುರಾವೆ ಇಲ್ಲ. ಜಿಗಿತ, ವೇಗ, ತಾಳಿಕೆ? ಇಲ್ಲ. ಮೈ ಬಗ್ಗುವಿಕೆ ಸ್ವಲ್ಪ ಹೆಚ್ಚುತ್ತದೆ, ಆ ಮೂರನೇ ದಿನದ ನೋವು ಸ್ವಲ್ಪ ತಗ್ಗುತ್ತದೆ. ಅದಕ್ಕೆ ಎರಡು ವರ್ಷ ಮೊದಲು ಫ್ರಾನ್ಸಿನವರು 99 ಅಧ್ಯಯನ ಸೇರಿಸಿ ಬೇರೆ ಪ್ರಶ್ನೆ ಕೇಳಿದ್ದರು: ಐಸ್ ನೀರು, ಬಿಗಿ ಕಾಲುಚೀಲ, ಸ್ಟ್ರೆಚಿಂಗ್, ಮಸಾಜ್, ಇಷ್ಟರಲ್ಲಿ ನೋವಿಗೂ ದಣಿವಿಗೂ ಹೆಚ್ಚು ಉಪಯೋಗ ಯಾವುದರದು? ಮೊದಲ ಸ್ಥಾನ ಮಸಾಜಿಗೆ ಬಂತು. ಎರಡನ್ನೂ ಒಟ್ಟಿಗೆ ಓದಿದರೆ ಗೊಂದಲವಿಲ್ಲ. ಇರುವ ಉಪಾಯಗಳಲ್ಲಿ ಇದು ಮುಂದು, ಆದರೆ ಉಪಾಯಗಳೆಲ್ಲ ಸೇರಿಯೂ ದೊಡ್ಡ ಪವಾಡ ಮಾಡುವುದಿಲ್ಲ.

ಇಲ್ಲಿ ಒಂದು ತೊಡಕಿದೆ, ಮುಚ್ಚಿಡುವುದು ಸರಿಯಲ್ಲ. ಮಾತ್ರೆಯ ಪರೀಕ್ಷೆಯಲ್ಲಾದರೆ ಅರ್ಧ ಜನಕ್ಕೆ ಸಕ್ಕರೆ ಗುಳಿಗೆ ಕೊಟ್ಟು ನೋಡಬಹುದು. ಮಸಾಜ್ ಮಾಡಿಸಿಕೊಂಡವನಿಗೆ ಮಾಡಿಸಿಕೊಂಡದ್ದು ಗೊತ್ತಾಗದ ಹಾಗೆ ಪರೀಕ್ಷೆ ಮಾಡುವುದು ಹೇಗೆ? ಹಾಗಾಗಿ ನೋವು ಕಡಿಮೆಯಾಯಿತು ಎಂಬುದರಲ್ಲಿ ಕೈಯ ಪಾಲೆಷ್ಟು, ನಂಬಿಕೆಯ ಪಾಲೆಷ್ಟು ಎಂದು ಬಿಡಿಸುವುದು ಕಷ್ಟ. ನನ್ನ ಮಟ್ಟಿಗೆ ಇದು ಅಷ್ಟು ದೊಡ್ಡ ಆಕ್ಷೇಪಣೆಯಲ್ಲ. ನೋವು ಎನ್ನುವುದೇ ಮಿದುಳು ತೀರ್ಮಾನಿಸಿ ಹೇಳುವ ಮಾತು.

ಮಸಾಜಿನ ನಿಜವಾದ ಕೆಲಸ ನಡೆಯುವುದೂ ಬಹುಪಾಲು ಅಲ್ಲೇ, ನರವ್ಯೂಹದಲ್ಲಿ. ಮಂಚದ ಕಾಲಿಗೆ ಮೊಣಕಾಲು ಬಡಿದರೆ ಕೈ ತಾನಾಗಿ ಅಲ್ಲಿಗೆ ಹೋಗಿ ಉಜ್ಜುತ್ತದೆ. ಮಗು ಬಿದ್ದರೆ ಅಜ್ಜಿ ನೀವುತ್ತಾಳೆ. ಯಾಕೆ ಕಡಿಮೆ ಅನಿಸುತ್ತದೆ? 1965ರಲ್ಲಿ ನೋವಿನ ಸಂಶೋಧಕರಾದ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಇದಕ್ಕೊಂದು ವಿವರಣೆ ಕೊಟ್ಟರು. ಸ್ಪರ್ಶ, ಒತ್ತಡಗಳ ಸುದ್ದಿ ತರುವ ನರಗಳು ದಪ್ಪ, ಓಟ ಜೋರು. ನೋವಿನ ಸುದ್ದಿ ತರುವವು ಸಣ್ಣ, ನಿಧಾನ. ಎರಡೂ ಬೆನ್ನುಹುರಿಯ ಒಂದೇ ಗೇಟಿನ ಮುಂದೆ ಬಂದು ನಿಲ್ಲುತ್ತವೆ. ಸ್ಪರ್ಶದ ಸುದ್ದಿ ಜಾಸ್ತಿ ಬಂದರೆ ಗೇಟು ನೋವಿಗೆ ಅರ್ಧ ಮುಚ್ಚುತ್ತದೆ. ಆ ವಿವರಣೆಗೆ ಆಮೇಲೆ ಎಷ್ಟೋ ತಿದ್ದುಪಡಿಗಳಾಗಿವೆ, ಆದರೆ ಬೆನ್ನುಹುರಿಯಲ್ಲೇ ನೋವಿನ ಸುದ್ದಿಯನ್ನು ಏರಿಸಿ ಇಳಿಸುವ ಏರ್ಪಾಡು ಇದೆ ಎಂಬ ಮಾತು ನಿಂತಿದೆ. ಮೈ ಬಗ್ಗುವಿಕೆ ಹೆಚ್ಚುವುದೂ ಇದೇ ದಾರಿಯಲ್ಲಿ. ಸ್ನಾಯು ಉದ್ದವಾಗಿಲ್ಲ, ಎಳೆತವನ್ನು ಇನ್ನಷ್ಟು ತಡೆದುಕೊಳ್ಳಲು ನರವ್ಯೂಹ ಒಪ್ಪಿಕೊಂಡಿದೆ. ಜೊತೆಗೆ ಅರ್ಧ ಗಂಟೆ ಯಾರೋ ನಿಧಾನವಾಗಿ ಮೈ ಒತ್ತುತ್ತಿದ್ದರೆ ಉಸಿರು ಆಳವಾಗುತ್ತದೆ, ಎದೆಬಡಿತ ಇಳಿಯುತ್ತದೆ, ರಾತ್ರಿ ನಿದ್ದೆ ಚೆನ್ನಾಗಿ ಬರುತ್ತದೆ. ಸ್ನಾಯುವಿನ ರಿಪೇರಿಗೆ ನಿದ್ದೆಗಿಂತ ದೊಡ್ಡ ಮೇಸ್ತ್ರಿ ಇಲ್ಲ.

ಇದು ಗೊತ್ತಿದ್ದರೆ "ಗಂಟು ಒಡೆಯುತ್ತೇನೆ" ಎಂಬ ಮಾತನ್ನೂ ಅಳೆದು ನೋಡಬಹುದು. ನಾವು "ನರ ಹಿಡ್ಕೊಂಡಿದೆ" ಅನ್ನುವಾಗ ಹಿಡಿದಿರುವುದು ಸಾಮಾನ್ಯವಾಗಿ ನರವಲ್ಲ, ಸ್ನಾಯು. ಬೆರಳಿಗೆ ಗಂಟಿನ ಹಾಗೆ ಸಿಗುವುದು ಬಿಗಿದುಕೊಂಡ, ಮುಟ್ಟಿದರೆ ನೋಯುವ ಒಂದು ಜಾಗ. ಹಗ್ಗದ ಗಂಟಿನ ಹಾಗೆ ಬಿಚ್ಚುವಂಥದ್ದು ಅಲ್ಲೇನೂ ಇಲ್ಲ. ತೊಡೆಯ ಹೊರಬದಿಯಲ್ಲಿ ಪಟ್ಟಿಯಂತೆ ಇರುವ ಗಟ್ಟಿ ಪೊರೆಯನ್ನು "ಸಡಿಲ ಮಾಡುತ್ತೇನೆ" ಎಂದು ಮೊಣಕೈ ಊರುವವರು ಉಂಟು. ಆ ಪೊರೆಯನ್ನು ನೂರಕ್ಕೆ ಒಂದು ಪಾಲು ಅದುಮಲು ನೂರಾರು ಕಿಲೋ ಭಾರ ಬೇಕು ಎಂದು 2008ರ ಒಂದು ಗಣಿತದ ಲೆಕ್ಕ ತೋರಿಸಿತ್ತು. ಮೊಣಕೈಯಿಂದ ಆಗುವ ಕೆಲಸ ಅದಲ್ಲ. ಆದರೂ ಒತ್ತಿ ಬಿಟ್ಟ ಮೇಲೆ ಸಡಿಲ ಅನಿಸುತ್ತದಲ್ಲ ಎಂದರೆ, ಅನಿಸುತ್ತದೆ. ಬಿಗಿ ಹಿಡಿ ಎಂಬ ಆದೇಶವನ್ನು ನರವ್ಯೂಹ ಸ್ವಲ್ಪ ಹೊತ್ತು ಹಿಂತೆಗೆದುಕೊಂಡಿರುತ್ತದೆ. ಹಾಗಿದ್ದ ಮೇಲೆ ಕಣ್ಣಲ್ಲಿ ನೀರು ಬರುವಷ್ಟು ಒತ್ತುವುದರಲ್ಲಿ ಏನೂ ಹೆಚ್ಚುಗಾರಿಕೆ ಇಲ್ಲ. ನೋವಾದಾಗ ಮೈ ಇನ್ನಷ್ಟು ಬಿಗಿಯುತ್ತದೆ.

ಈ ಮಾತನ್ನು ನನಗೆ ಮೊದಲು ಹೇಳಿದ್ದು ಸಂಶೋಧನೆಗಳಲ್ಲ, ಮೈಸೂರಿನ ಒಂದು ಗರಡಿಯಲ್ಲಿ ಎಳೆಯರಿಗೆ ಸಾಮು ಹೇಳಿಕೊಡುತ್ತಿದ್ದ ಹಿರಿಯರು. "ಮಾಲೀಸು ಅಂದ್ರೆ ಗುದ್ದಾಟ ಅಲ್ಲ ಕಣಪ್ಪ. ಹುಡುಗ ಉಸಿರು ಬಿಗಿ ಹಿಡಿದ ಅಂದ್ರೆ ನಿನ್ನ ಕೈ ಜಾಸ್ತಿ ಆಯ್ತು ಅಂತ." ನೂರಾರು ದಂಡ, ಬಸ್ಕಿ ಹೊಡೆದು ಕೆಮ್ಮಣ್ಣಿನಲ್ಲಿ ಹೊರಳಾಡಿದ ಪೈಲ್ವಾನರು ಒಬ್ಬರಿಗೊಬ್ಬರು ಎಣ್ಣೆ ಹಚ್ಚಿ ತಿಕ್ಕಿಕೊಳ್ಳುವುದು ಗರಡಿಯ ದಿನಚರಿಯೇ ಆಗಿತ್ತು. ದುಡ್ಡಿನ ಮಾತಿಲ್ಲ, ಇವತ್ತು ನಿನ್ನ ಬೆನ್ನು, ನಾಳೆ ನನ್ನದು. ಸಾವಿರಕ್ಕೂ ಹೆಚ್ಚು ವರ್ಷ ಹಿಂದೆ ವಾಗ್ಭಟ ಅಷ್ಟಾಂಗಹೃದಯ ಎಂಬ ಆಯುರ್ವೇದ ಗ್ರಂಥದ ದಿನಚರಿಯ ಅಧ್ಯಾಯದಲ್ಲಿ ವ್ಯಾಯಾಮ ಮಾಡಿದ ಮೇಲೆ ಮೈಯನ್ನೆಲ್ಲ ಮರ್ದಿಸಬೇಕು ಎನ್ನುತ್ತಾನೆ. ಅಲ್ಲಿ ಅವನು ಬಳಸುವ ಪದ 'ಅನುಸುಖಂ', ಮೈಗೆ ಹಿತವಾಗುವ ಹಾಗೆ. ಅದೇ ಜಾಗದಲ್ಲಿ, ವ್ಯಾಯಾಮವನ್ನು ಬಲವಂತರೂ ಅರ್ಧ ಶಕ್ತಿ ಬಳಸಿಯೇ ಮಾಡಲಿ ಎಂಬ ಮಾತೂ ಇದೆ. ಮ್ಯಾರಥಾನ್ ಓಡುವವರು ಇದನ್ನು ಓದದಿರುವುದೇ ಒಳ್ಳೆಯದು.

ಈಗಿನ ಸ್ಪೋರ್ಟ್ಸ್ ಮಸಾಜಿನ ಮನೆತನ ಬೇರೆ, ಯುರೋಪಿನದು. ಸ್ವೀಡನ್ನಿನ ಪೇರ್ ಹೆನ್ರಿಕ್ ಲಿಂಗ್ 1813ರಲ್ಲಿ ಸ್ಟಾಕ್‌ಹೋಮಿನಲ್ಲಿ ವ್ಯಾಯಾಮ ಶಿಕ್ಷಣದ ಸಂಸ್ಥೆ ಕಟ್ಟಿದ. ಒಂದೊಂದು ಬಗೆಯ ಕೈಚಲನೆಗೆ ಹೆಸರಿಟ್ಟ ಶ್ರೇಯ ಸಲ್ಲುವುದು ಡಚ್ ವೈದ್ಯ ಮೆಜ್ಗರ್‌ಗೆ, ಇಟ್ಟ ಹೆಸರುಗಳು ಫ್ರೆಂಚ್, ಜಗತ್ತು ಕರೆಯುವುದು ಸ್ವೀಡಿಷ್ ಮಸಾಜ್! ಎಫ್ಲುರಾಜ್, ಪೆಟ್ರಿಸಾಜ್, ಟಪೋಟ್ಮಾ ಎಂದು ಕೇಳಿದರೆ ಏನೋ ದೊಡ್ಡ ವಿದ್ಯೆ ಅನಿಸುತ್ತದೆ. ಮೊದಲನೆಯದು ನೀವುವುದು, ಎರಡನೆಯದು ಹಿಟ್ಟು ನಾದಿದ ಹಾಗೆ ನಾದುವುದು, ಮೂರನೆಯದು ತಟ್ಟುವುದು. ಇವುಗಳ ಜೊತೆಗೆ ಹೆಬ್ಬೆರಳಿನಿಂದ ಒಂದೇ ಜಾಗವನ್ನು ಅಡ್ಡಡ್ಡ ಉಜ್ಜುವುದು, ಅಂಗೈಯಿಂದ ಅದುಮಿ ಹಿಡಿಯುವುದು. ಬಾಣಂತಿಗೂ ಕೂಸಿಗೂ ಎಣ್ಣೆ ನೀರು ಹಾಕುವ ಅಜ್ಜಿಯರ ಕೈಗೆ ಇವೆಲ್ಲ ಹೆಸರಿಲ್ಲದೆಯೇ ಗೊತ್ತಿದ್ದವು. ಸ್ಪೋರ್ಟ್ಸ್ ಮಸಾಜನ್ನು ಬೇರೆ ಮಾಡುವುದು ಕೈಚಳಕವಲ್ಲ. ಯಾವ ಆಟ, ಯಾವ ಸ್ನಾಯು ದುಡಿದಿದೆ, ಮುಂದಿನ ಪಂದ್ಯ ಯಾವಾಗ ಎಂದು ನೋಡಿ, ಎಷ್ಟು ಒತ್ತಬೇಕು ಎಂದು ತೀರ್ಮಾನಿಸುವುದು.

ಹೊತ್ತು ನೋಡುವುದೇ ಇಲ್ಲಿ ಮುಖ್ಯ, ಬಹಳ ಜನ ಎಡವುವುದೂ ಇಲ್ಲೇ. ಓಟದ ಮುಂಚಿನ ಮಸಾಜ್ ಹತ್ತು ಹದಿನೈದು ನಿಮಿಷದ್ದು, ಚುರುಕಾಗಿ, ಆಳಕ್ಕೆ ಒತ್ತದೆ ಮೇಲುಮೇಲೆ. ಅದೂ ವಾರ್ಮಪ್ಪಿನ ಜೊತೆಗೆ, ವಾರ್ಮಪ್ಪಿನ ಬದಲಿಗೆ ಅಲ್ಲ. ಓಟದ ಹಿಂದಿನ ದಿನ ಆಳವಾದ ಮಸಾಜ್ ಮಾಡಿಸಿಕೊಂಡು, ಬೆಳಗ್ಗೆ ತೊಡೆ ಜಜ್ಜಿದಂತಾಗಿ ಸ್ಟಾರ್ಟಿಂಗ್ ಲೈನಿನಲ್ಲಿ ನಿಂತವರನ್ನು ನೋಡಿದ್ದೇನೆ. ಬೆಂಗಳೂರಿನಲ್ಲಿ 2008ರಿಂದ ನಡೆಯುವ ವರ್ಲ್ಡ್ 10ಕೆ ಆಗಲಿ, ನಿಮ್ಮ ಊರಿನ ದಸರಾ ಓಟವಾಗಲಿ, ಆಳವಾಗಿ ಒತ್ತಿಸಿಕೊಳ್ಳುವುದಿದ್ದರೆ ಮೂರು ನಾಲ್ಕು ದಿನ ಮುಂಚೆಯೇ ಮುಗಿಸಿ. ಹಿಂದೆಂದೂ ಮಾಡಿಸಿಕೊಳ್ಳದವರು ಓಟದ ವಾರದಲ್ಲಿ ಮೊದಲ ಪ್ರಯೋಗ ಮಾಡಬೇಡಿ, ಹೊಸ ಬೂಟಿಗೆ ಅನ್ವಯಿಸುವ ನಿಯಮವೇ ಇದಕ್ಕೂ.

ಓಟ ಮುಗಿದ ಮೇಲಿನದು ಇನ್ನೂ ಹಗುರವಾಗಿರಬೇಕು. ಎಳೆಗಳು ಆಗಷ್ಟೇ ಕೆಟ್ಟಿವೆ, ಅವುಗಳ ಮೇಲೆ ಮೊಣಕೈ ಊರಿದರೆ ಗಾಯದ ಮೇಲೆ ಬರೆ. ಮೊದಲು ನಡೆದಾಡಿ, ನೀರು ಕುಡಿದು, ಏನಾದರೂ ತಿಂದು, ಮೈ ತಣಿದ ಮೇಲೆ ನೀವಿಸಿಕೊಂಡರೆ ಸಾಕು. ಓಟ ಮುಗಿಸಿ ತಲೆ ಸುತ್ತುತ್ತಿರುವವರು, ಮೈ ಕಾದು ಮಾತು ತೊದಲುತ್ತಿರುವವರು ಹೋಗಬೇಕಾದದ್ದು ವೈದ್ಯರ ಟೆಂಟಿಗೆ, ಮಸಾಜ್ ಟೆಂಟಿಗೆ ಅಲ್ಲ.

ತಿಂಗಳುಗಟ್ಟಲೆ ಅಭ್ಯಾಸ ಮಾಡುವವರಿಗೆ ನಡುನಡುವೆ ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಮಾಡಿಸುವ ಮಸಾಜಿನ ಲಾಭ ನನ್ನ ಪ್ರಕಾರ ಎಲ್ಲಕ್ಕಿಂತ ಹೆಚ್ಚು, ಅದನ್ನು ಅಳೆಯುವುದೂ ಎಲ್ಲಕ್ಕಿಂತ ಕಷ್ಟ. ಟೂರ್ ಡಿ ಫ್ರಾನ್ಸಿನಲ್ಲಿ ಮೂರು ವಾರ, 21 ಹಂತ, ಸುಮಾರು 3,400 ಕಿಲೋಮೀಟರು ತುಳಿಯುವ ಸವಾರರಿಗೆ ಪ್ರತಿ ಸಂಜೆ ಮಸಾಜ್ ಉಂಟು. ಮಾಡುವವರನ್ನು ಅಲ್ಲಿ ಸ್ವಾನ್ಯೋರ್ ಎನ್ನುತ್ತಾರೆ, ಆರೈಕೆ ಮಾಡುವವರು ಎಂದರ್ಥ. ನೀರಿನ ಬಾಟಲಿ ತುಂಬುವುದು, ಊಟದ ಚೀಲ ಕೊಡುವುದು, ಕಾಲು ಒತ್ತುವುದು ಎಲ್ಲ ಅವರದೇ ಕೆಲಸ. ದಿನಾ ಅದೇ ಕಾಲು ಮುಟ್ಟುವ ಕೈಗೆ ಇವತ್ತು ಎಡ ಮೀನಖಂಡ ನಿನ್ನೆಗಿಂತ ಬಿಗಿಯಿದೆ ಎಂದು ಸವಾರನಿಗಿಂತ ಮೊದಲೇ ತಿಳಿಯುತ್ತದೆ. ಮೇಜಿನ ಮೇಲೆ ಮಲಗಿದಾಗ ಕೋಚಿಗೆ ಹೇಳದ ಮಾತೂ ಬಾಯಿಗೆ ಬರುತ್ತದೆ. 2011ರಲ್ಲಿ ವಿಶ್ವಕಪ್ ಗೆದ್ದ ಭಾರತ ಕ್ರಿಕೆಟ್ ತಂಡದ ಮಸಾಜುಗಾರ ರಮೇಶ್ ಮಾನೆ ಅವರನ್ನು ಆಟಗಾರರು ಕರೆಯುತ್ತಿದ್ದದ್ದೇ ಮಾನೆ ಕಾಕಾ ಎಂದು. ಕಾಕಾ ಎನ್ನಿಸಿಕೊಳ್ಳುವ ನಂಟನ್ನು ಯಾವ ಅಧ್ಯಯನದ ಯಾವ ಕಾಲಮ್ಮಿನಲ್ಲಿ ತುಂಬುವುದು? ನಮ್ಮಂಥ ಹವ್ಯಾಸಿಗಳಿಗೂ ಸಣ್ಣ ಪ್ರಮಾಣದಲ್ಲಿ ಇದು ಸಿಗುತ್ತದೆ. ಪ್ರತಿ ಸಲ ಬೇರೆ ಬೇರೆ ಕಡೆ ಆಫರ್ ಹುಡುಕಿ ಹೋಗುವುದಕ್ಕಿಂತ ನಿಮ್ಮ ಮೈ ಬಲ್ಲ ಒಂದು ಜೊತೆ ಕೈ ಒಳ್ಳೆಯದು.

ಇನ್ನು, ಯಾವಾಗ ಮುಟ್ಟಿಸಿಕೊಳ್ಳಬಾರದು ಎನ್ನುವುದು. ಇದನ್ನು ನಾನು ದುಡ್ಡು ಕೊಟ್ಟು ಕಲಿತೆ. ನಲವತ್ತು ದಾಟಿದ ಮೇಲೆ ಒಂದು ಸಂಜೆ ಶಟಲ್ ಆಡುವಾಗ ಮೀನಖಂಡಕ್ಕೆ ಹಿಂದಿನಿಂದ ಯಾರೋ ಕಲ್ಲು ಹೊಡೆದಂತಾಯಿತು. ತಿರುಗಿ ನೋಡಿದರೆ ಯಾರೂ ಇಲ್ಲ. ಉಳುಕಿರಬೇಕು ಎಂದು ಮಾರನೇ ದಿನವೇ ಉಳುಕು ತೆಗೆಯುವವರೊಬ್ಬರ ಹತ್ತಿರ ಹೋದೆ. ಅವರು ಬಿಸಿ ಎಣ್ಣೆ ಹಾಕಿ ಬಲವಾಗಿಯೇ ಎಳೆದು ತಿಕ್ಕಿದರು. ರಾತ್ರಿಯೊಳಗೆ ಕಾಲು ಊದಿ, ಎರಡು ದಿನದಲ್ಲಿ ಹಿಮ್ಮಡಿಯ ತನಕ ನೇರಳೆ ಬಣ್ಣ ಇಳಿಯಿತು. ಸ್ನಾಯು ಹರಿದಿತ್ತು. ಹರಿದ ಜಾಗದಲ್ಲಿ ಒಸರುತ್ತಿದ್ದ ರಕ್ತವನ್ನು ನಾನು ದುಡ್ಡು ಕೊಟ್ಟು ಹೆಚ್ಚಿಸಿಕೊಂಡಿದ್ದೆ. ಮೂರು ವಾರದಲ್ಲಿ ಮುಗಿಯಬೇಕಿದ್ದದ್ದು ಎಂಟು ವಾರ ಹಿಡಿಯಿತು. ಪೆಟ್ಟು ಬಿದ್ದ ಅಥವಾ ಹರಿದ ಸ್ನಾಯುವನ್ನು ಮೊದಲ ಎರಡು ಮೂರು ದಿನ ತಿಕ್ಕಲೇಬಾರದು. ತೊಡೆಗೆ ಜೋರು ಏಟು ಬಿದ್ದು ಒಳಗೆ ರಕ್ತ ಹೆಪ್ಪುಗಟ್ಟಿದ್ದಾಗ ಆಳವಾಗಿ ತಿಕ್ಕಿದರೆ ಆ ಜಾಗದಲ್ಲಿ ಸ್ನಾಯುವಿನೊಳಗೇ ಮೂಳೆ ಬೆಳೆಯುವ ತೊಂದರೆಯೂ ಉಂಟು. ಕಬಡ್ಡಿ, ಫುಟ್‌ಬಾಲ್ ಆಡುವವರು ಇದನ್ನು ನೆನಪಿಡಬೇಕು.

ಇನ್ನು ಮೂರು ಸಂಗತಿಗಳಿಗೆ ಮಸಾಜ್ ಅಲ್ಲ, ಆಸ್ಪತ್ರೆ. ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ, ಕೆಂಪಾಗಿ ನೋಯುತ್ತಿದ್ದರೆ, ಅದರಲ್ಲೂ ಅಮೆರಿಕದಿಂದ ಇಪ್ಪತ್ತು ಗಂಟೆ ವಿಮಾನದಲ್ಲಿ ಕೂತು ಬಂದ ಮೇಲೆ ಅಥವಾ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗೆದ್ದ ಮೇಲೆ, ಒಳಗಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿರಬಹುದು. ತಿಕ್ಕಿದರೆ ಆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋದೀತು, ಪ್ರಾಣಕ್ಕೇ ಕುತ್ತು. ಎರಡನೆಯದು, ಅಭ್ಯಾಸವಿಲ್ಲದೆ ಮೊದಲ ದಿನವೇ ಹಟಕ್ಕೆ ಬಿದ್ದು ನೂರಾರು ಬಸ್ಕಿ ಹೊಡೆದವರಿಗೆ ಮೈಯೆಲ್ಲ ಅಸಾಧ್ಯ ನೋವು ಬಂದು ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ, ಸ್ನಾಯು ಒಡೆದು ರಕ್ತಕ್ಕೆ ಸೇರಿ ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತಿದೆ ಎಂದು ತಿಳಿಯಬೇಕು. ಅದು ಆ ಹೊತ್ತಿಗೇ ಡ್ರಿಪ್ ಹಾಕಬೇಕಾದ ಸ್ಥಿತಿ. ಮೂರನೆಯದು ನೋವಿನದಲ್ಲ, ಸುಖದ್ದು. ಕಟಿಂಗ್ ಶಾಪಿನಲ್ಲಿ ತಲೆ ತಿಕ್ಕಿ, ಕೊನೆಗೆ ಕತ್ತನ್ನು ಫಟ್ಟನೆ ತಿರುಗಿಸಿ ಲಟಕ್ ಎನಿಸುತ್ತಾರಲ್ಲ, ಅದು. ಕತ್ತಿನಲ್ಲಿ ಮಿದುಳಿಗೆ ರಕ್ತ ಒಯ್ಯುವ ನಾಳಗಳಿವೆ. ಥಟ್ಟನೆ ತಿರುಚಿದಾಗ ಒಳಪದರ ಹರಿದು ಪಾರ್ಶ್ವವಾಯು ಆದ ಪ್ರಕರಣಗಳು ವೈದ್ಯಲೋಕಕ್ಕೆ ಹೊಸವಲ್ಲ. ಆ ಲಟಕ್ ಸದ್ದಿನ ಆಮೇಲೆ ಕತ್ತು ತಿರುಗಿಸಲಾಗದಷ್ಟು ನೋವು, ತಲೆಸುತ್ತು, ಮಾತು ತಡವರಿಸುವುದು ಆದರೆ ಮನೆಗೆ ಹೋಗಿ ಮಲಗಬೇಡಿ. ಲಟಕ್ ಬೇಡಣ್ಣ ಎಂದು ಮೊದಲೇ ಹೇಳಿಬಿಡುವುದು ಇನ್ನೂ ಒಳ್ಳೆಯದು.

ಜ್ವರ, ಚರ್ಮದ ಸೋಂಕು, ತೆರೆದ ಗಾಯ ಇದ್ದಾಗ ಬೇಡ. ರಕ್ತ ತಿಳಿಯಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ಗರ್ಭಿಣಿಯರು, ಸಕ್ಕರೆ ಕಾಯಿಲೆಯಿಂದ ಕಾಲಿನ ಸ್ಪರ್ಶ ಮಂಕಾದವರು ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು.

ಯಾರ ಹತ್ತಿರ ಹೋಗುವುದು ಎಂಬ ಪ್ರಶ್ನೆಗೆ ನಮ್ಮಲ್ಲಿ ನೇರ ಉತ್ತರವಿಲ್ಲ. ಫಿಸಿಯೋಥೆರಪಿಗೆ ಪದವಿ ಉಂಟು, 2021ರಲ್ಲಿ ಬಂದ ಕೇಂದ್ರ ಕಾಯ್ದೆಯ ಚೌಕಟ್ಟಿನೊಳಗೆ ಅವರು ಬರುತ್ತಾರೆ. ಮಸಾಜ್ ಮಾಡುತ್ತೇನೆ ಎನ್ನುವವರು ಮೂರು ವರ್ಷ ಕಲಿತವರೂ ಇರಬಹುದು, ಮೂರು ದಿನ ಕಲಿತವರೂ ಇರಬಹುದು. ನಾನು ನೋಡುವುದು ಒಂದೇ: ಮೇಜಿನ ಮೇಲೆ ಮಲಗಿಸುವ ಮುಂಚೆ ಏನು ಕೇಳುತ್ತಾರೆ ಎಂದು. ಯಾವ ಆಟ, ಎಲ್ಲಿ ನೋವು, ಯಾವಾಗಿನಿಂದ, ಯಾವ ಮಾತ್ರೆ ನುಂಗುತ್ತಿದ್ದೀರಿ, ಮುಂದಿನ ಓಟ ಯಾವತ್ತು ಎಂದು ಕೇಳಿದರೆ ಮಲಗಬಹುದು. ಕೇಳದೆ "ಹತ್ತು ಸಿಟ್ಟಿಂಗ್ ಪ್ಯಾಕೇಜ್ ತಗೊಳ್ಳಿ" ಎಂದರೆ ಚಪ್ಪಲಿ ಹಾಕಿಕೊಳ್ಳಬಹುದು. ಮಲಗಿದ ಮೇಲೆ ಸಂಕೋಚ ಬೇಡ. ನೋವು ಹತ್ತರಲ್ಲಿ ಆರೇಳು ದಾಟಿದರೆ ಮೆಲ್ಲಗೆ ಎನ್ನಿ. ಮರಗಟ್ಟಿದಂತೆ, ಕರೆಂಟ್ ಹೊಡೆದಂತೆ ಆದರೆ ನಿಲ್ಲಿಸಿ ಎನ್ನಿ.

ದುಡ್ಡು ಖರ್ಚು ಮಾಡದೆಯೂ ಅರ್ಧ ಲಾಭ ಸಿಗುತ್ತದೆ. ಫೋಮ್ ರೋಲರ್ ಎಂಬ ಗಟ್ಟಿ ಸ್ಪಂಜಿನ ಉರುಳೆಯ ಮೇಲೆ ತೊಡೆ ಉರುಳಿಸಿದರೂ ಬಗ್ಗುವಿಕೆ ಸ್ವಲ್ಪ ಹೊತ್ತು ಹೆಚ್ಚುತ್ತದೆ, ನೋವು ತುಸು ತಗ್ಗುತ್ತದೆ. ರೋಲರ್ ಇಲ್ಲದಿದ್ದರೆ ಅಡುಗೆಮನೆಯ ಲಟ್ಟಣಿಗೆ. ಕುರ್ಚಿಯಲ್ಲಿ ಕೂತು ಮೀನಖಂಡದ ಮೇಲೆ ಹಿಮ್ಮಡಿಯ ಕಡೆಯಿಂದ ಮೊಣಕಾಲಿನ ಕಡೆಗೆ ನಿಧಾನವಾಗಿ ಉರುಳಿಸಿ, ಒಂದೊಂದು ಕಾಲಿಗೆ ಎರಡು ನಿಮಿಷ. ಮೂಳೆಯ ಮೇಲೆ, ಮೊಣಕಾಲಿನ ಹಿಂದಿನ ಗುಳಿಯಲ್ಲಿ ಉರುಳಿಸಬೇಡಿ. ಅಂಗಾಲಿಗೆ ಟೆನಿಸ್ ಚೆಂಡು. ಎಣ್ಣೆ ಯಾವುದಾದರೂ ಆಗುತ್ತದೆ, ಎಳ್ಳೆಣ್ಣೆಯೋ ಕೊಬ್ಬರಿ ಎಣ್ಣೆಯೋ, ಅದರ ಮುಖ್ಯ ಕೆಲಸ ಕೈ ಜಾರುವಂತೆ ಮಾಡುವುದು. ಲಟ್ಟಣಿಗೆಯನ್ನು ಚಪಾತಿಗೆ ವಾಪಸ್ ಕೊಡುವ ಮುಂಚೆ ತೊಳೆದಿಡಿ, ಇದು ನಮ್ಮ ಮನೆಯಲ್ಲಿ ನನಗೆ ಬಿದ್ದ ಷರತ್ತು.

ಮೂರನೇ ದಿನದ ಆ ನೋವಿಗೆ ಮಸಾಜಿಗಿಂತ ಬಲವಾದ ಮದ್ದು ಇನ್ನೊಂದಿದೆ, ಅದನ್ನು ಯಾರೂ ಮಾರುವುದಿಲ್ಲ. ಒಮ್ಮೆ ಬೆಟ್ಟ ಇಳಿದು ನೊಂದ ಸ್ನಾಯು ಎರಡು ಮೂರು ವಾರದ ಮೇಲೆ ಅದೇ ಬೆಟ್ಟ ಇಳಿದರೆ ಅಷ್ಟು ನೋಯುವುದಿಲ್ಲ. ಕೊಂಡಿಗಳನ್ನು ಬಲಪಡಿಸಿಕೊಂಡು, ನರಗಳ ಹಂಚಿಕೆಯನ್ನೂ ತಿದ್ದಿಕೊಂಡು ಅದು ಎರಡನೇ ಸಲಕ್ಕೆ ತಯಾರಾಗಿರುತ್ತದೆ. ಈ ರಕ್ಷಣೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಉಳಿಯುತ್ತದೆ. ಅದಕ್ಕೆ ಸಾವಿರ ಮೆಟ್ಟಿಲನ್ನೂ ಇಳಿಯಬೇಕಿಲ್ಲ. ಮೊದಲ ಸಲ ಹೋಗುವವರು ಹತ್ತಿ, ಇಳಿಯುವಾಗ ಬಸ್ಸು ಹಿಡಿಯಬಹುದು. ಮುಂದಿನ ಸಲ ಮೇಲಿನಿಂದ ನಂದಿಯ ತನಕ ಇಳಿದು, ಅಲ್ಲಿಂದ ರಸ್ತೆಯಲ್ಲಿ ವಾಹನ ಹಿಡಿಯಬಹುದು. ಅದರ ಮುಂದಿನ ಭಾನುವಾರ ಪೂರ್ತಿ ಇಳಿದು ಬಂದು, ಮಂಗಳವಾರ ಬೆಳಗ್ಗೆ ಕೂತು ನೋಡಿ.